ಅಪ್‌ಡೇಟ್: ಕ್ರೋಮಿಯಂ ಒಳಗಿನ ಚಲನೆ ಎಕ್ಸ್-ರೇಗೆ ಸಿಗುವುದು ಹೇಗೆ?

ಕ್ರೋಮಿಯಂ ಆ್ಯಂಟಿಫೆರೋಮ್ಯಾಗ್ನೆಟ್, ಅಂದರೆ ಅದರ ಸ್ಪಿನ್‌ಗಳು (ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳು) ಎದುರು ಬದುರು ನಿಂತು ಒಂದನ್ನೊಂದು ರದ್ದು ಮಾಡುತ್ತವೆ, ಹಾಗಾಗಿ ಅದರ ಒಟ್ಟು ಕಾಂತತ್ವ ಸೊನ್ನೆ. ಹಾಗಿದ್ದರೆ ಒಳಗಿನ ಕಾಂತ ವಲಯಗಳು (ಸ್ಪಿನ್ ಜೋಡಣೆ ಒಂದೇ ರೀತಿ ಇರುವ ಭಾಗಗಳು) ಅಲುಗುವುದು ಗೊತ್ತಾಗುವುದು ಹೇಗೆ ಎಂದು ಕೇಳಿದ್ದೆ. ಅಲೆಗಳು ಒಂದೇ ಲಯದಲ್ಲಿರುವ ಕೊಹೆರೆಂಟ್ ಎಕ್ಸ್-ರೇ ಬೇಕು, ಮೊದಲು ಲೇಸರ್‌ನಲ್ಲಿ ಸ್ಪೆಕಲ್ (ಚದುರಿದ ಬೆಳಕು ಮೂಡಿಸುವ ಚುಕ್ಕೆಗಳ ಚಿತ್ತಾರ) ನೋಡಿ ಎಂದಿರಿ. ತುಂಬಾ ಥ್ಯಾಂಕ್ಸ್.

ಮಡಿಕೇರಿಯ ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಅದನ್ನೇ ಮಾಡಿದೆವು. ಹೊರಗೆ ಜೋರು ಮಳೆ, ಒಳಗೆ ಬೇಕಾದಷ್ಟು ಕತ್ತಲು. ಲೇಸರ್ ಪಾಯಿಂಟರನ್ನು ಸ್ಟ್ಯಾಂಡಿಗೆ ಬಿಗಿದು, ಕೆಲವೇ ಹನಿ ಹಾಲು ಬೆರೆಸಿದ ನೀರಿನ ಮೂಲಕ ಹಾಯಿಸಿದೆವು. ಪರದೆಯ ಮೇಲೆ ಚುಕ್ಕೆಗಳು ಕುದಿಯುವಂತೆ ಮಿಣುಕಿದವು. ಒರಟು ಗೋಡೆಗೆ ಬಿಟ್ಟಾಗ ಅಲುಗದೆ ನಿಂತವು. ಒಳಗಿನ ಕಣಗಳು ಚಲಿಸಿದ ಹಾಗೆ ಚುಕ್ಕೆಗಳೂ ಬದಲಾಗುತ್ತವೆ. ನಾಪೋಕ್ಲಿನ ವಿದ್ಯಾರ್ಥಿನಿಯೊಬ್ಬಳು "ಸರ್, ಚಿತ್ರ ತೆಗೆಯದೆಯೇ ವೇಗ ಅಳೆಯಬಹುದಲ್ಲ!" ಎಂದಳು. ವಿಷಯದ ತಿರುಳೇ ಅದು.

ನೀವು ಸೂಚಿಸಿದ 2007ರ ಕ್ರೋಮಿಯಂ ಪ್ರಯೋಗವನ್ನೂ ಓದಿದೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ, ಪ್ರಬಲ ಎಕ್ಸ್-ರೇ ಕೊಡುವ ಯಂತ್ರವಾದ ಸಿಂಕ್ರೋಟ್ರಾನ್‌ನಲ್ಲಿ, ಕ್ರೋಮಿಯಂನಲ್ಲಿ ಸ್ಪಿನ್‌ಗಳು ಅಲೆಯಂತೆ ಏರಿಳಿಯುವ ಸ್ಪಿನ್ ಸಾಂದ್ರತೆಯ ಅಲೆಯ ಜೊತೆಗೇ ಇರುವ ಎಲೆಕ್ಟ್ರಾನ್ ಸಾಂದ್ರತೆಯ ಅಲೆಯಿಂದ ಸ್ಪೆಕಲ್ ಪಡೆದರು. ತಣಿಸಿದಂತೆ ಬದಲಾವಣೆ ನಿಧಾನವಾಯಿತು. ಆದರೆ ಸುಮಾರು 40 ಕೆಲ್ವಿನ್‌ಗಿಂತ ಕೆಳಗೂ ಅದು ನಿಲ್ಲಲಿಲ್ಲ! ಶಾಖ ಸಾಲದಿದ್ದರೂ ವಲಯಗಳ ನಡುವಿನ ಗೋಡೆಗಳು (ಗಡಿಗಳು), ತಡೆಯನ್ನು ಹತ್ತಿ ದಾಟದೆ ತೂರಿ ಹೋಗುವ ಕ್ವಾಂಟಂ ಟನೆಲಿಂಗ್‌ನಿಂದ ಸರಿಯುತ್ತವೆ ಎಂಬುದು ಅವರ ವಿವರಣೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಬ್ಬಿಣಕ್ಕೆ ಸುಮಾರು 707 ಎಲೆಕ್ಟ್ರಾನ್ ವೋಲ್ಟ್‌ನ ಮೃದು ಎಕ್ಸ್-ರೇ ಬಳಸಿದರೆ ಕಾಂತ ಸಂಕೇತ ನೇರವಾಗಿಯೇ ಸಿಗುತ್ತದೆ. ಅದು ಮುಂದಿನ ಪಾಠ. ಈಗ ಹಾಲಿನ ಸ್ಪೆಕಲ್‌ನ ಮೊಬೈಲ್ ವಿಡಿಯೋದಿಂದ ಕೋರಿಲೇಷನ್ (ಚುಕ್ಕೆಗಳ ಚಿತ್ತಾರ ಸಮಯ ಕಳೆದಂತೆ ಎಷ್ಟು ಹಾಗೆಯೇ ಉಳಿಯುತ್ತದೆ ಎಂಬ ಅಳತೆ) ಲೆಕ್ಕ ಹಾಕಬೇಕಿದೆ. ಪೈಥಾನ್‌ನಲ್ಲಿ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.