ಸಹಾಯ ಬೇಕು: ಚೌಕಾಬಾರ ಗೇಮ್, ಪೈಥಾನ್‌ನಿಂದ ಜಾವಾಸ್ಕ್ರಿಪ್ಟ್‌ಗೆ

ನಮಸ್ಕಾರ, ಮಂಡ್ಯದಿಂದ. ಯಾರೋ ಪೈಥಾನಲ್ಲಿ ಬರ್ದು ಓಪನ್ ಸೋರ್ಸ್ ಮಾಡಿರೋ ಚೌಕಾಬಾರನ ಜಾವಾಸ್ಕ್ರಿಪ್ಟ್‌ಗೆ ತರ್ತಾ ಇದೀನಿ, ನಮ್ಮಜ್ಜಿ ಮೊಬೈಲ್ ಬ್ರೌಸರಲ್ಲೇ ಆಡ್ಲಿ ಅಂತ. ಹೊರಗಿನ 16 ಮನೆ ಸುತ್ತಿ ಕಾಯಿ ಒಳಗಿನ 8 ಮನೇಲಿ ಉಲ್ಟಾ ತಿರುಗ್ಬೇಕಲ್ಲ, ಅಲ್ಲೇ ಮಾಯ ಆಗ್ತಿತ್ತು, ಎರಡು ರಾತ್ರಿ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, ಮೈನಸ್ 1 ಮಾಡ್ಯುಲೋ 8 (8ರಿಂದ ಭಾಗಿಸಿದ್ರೆ ಉಳಿಯೋ ಶೇಷ) ಅಂದ್ರೆ ಪೈಥಾನ್ 7 ಕೊಡುತ್ತೆ, ಜಾವಾಸ್ಕ್ರಿಪ್ಟ್ ಮೈನಸ್ 1 ಅನ್ನುತ್ತೆ! 8 ಕೂಡ್ಸಿ ಸರಿ ಮಾಡ್ದೆ.

ಈಗ ಸಿಕ್ಕಾಕ್ಕೊಂಡಿರೋದು ಕವಡೇಲಿ. ಹಳೇ ಟೆಸ್ಟ್‌ಗಳೆಲ್ಲ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲು ಶುರು ಮಾಡೋಕೆ ಕೊಡೋ ಸಂಖ್ಯೆ) ಮೇಲೆ ನಿಂತಿವೆ, ಅದೇ ಸೀಡ್ ಕೊಟ್ರೆ ಅದೇ ಗರ ಬೀಳುತ್ತೆ, ಆದ್ರೆ ಜಾವಾಸ್ಕ್ರಿಪ್ಟ್‌ನ ಮ್ಯಾತ್ ಡಾಟ್ ರ‍್ಯಾಂಡಮ್‌ಗೆ ಸೀಡ್ ಕೊಡೋಕೇ ಆಗಲ್ಲ. ಪೈಥಾನ್ ಥರ ಮರ್ಸೆನ್ ಟ್ವಿಸ್ಟರ್ (ಅದು ಆ ಸಂಖ್ಯೆಗಳ್ನ ಹುಟ್ಟಿಸೋ ವಿಧಾನ) ನಾನೇ ಬರೀಬೇಕಾ, ಇಲ್ಲ ಅಲ್ಲಿ ಬಿದ್ದ ಗರಗಳ್ನ ಫೈಲ್‌ಗೆ ಹಾಕಿ ಇಲ್ಲಿ ಓದಿಸಿದ್ರೆ ಸಾಕಾ? ಎರಡ್ನೇದು ಸುಲಭ, ಸ್ವಲ್ಪ ಕಳ್ಳಾಟ ಅನ್ಸುತ್ತೆ ಅಷ್ಟೆ. ಮಾಡಿರೋರು ಇದ್ರೆ ಹೇಳ್ರಪ್ಪ.