ಅಪ್‌ಡೇಟ್: ಸೆಸ್ನಾ 172ಕ್ಕೆ ಕ್ಯಾನೊಪಿ ಕವರ್

ಹೊಸೂರಿನಲ್ಲಿ ಬಯಲಲ್ಲೇ ನಿಲ್ಲುವ ಸೆಸ್ನಾ 172 ಪುಟ್ಟ ವಿಮಾನದ ಕ್ಯಾನೊಪಿಗೆ (ಕಿಟಕಿಗಳಿರುವ ಕ್ಯಾಬಿನ್ ಭಾಗಕ್ಕೆ) ಟಾರ್ಪಾಲು ಸಾಕೇ, ಅಳತೆಗೆ ಹೊಲಿಸಿದ ಕವರ್ ಬೇಕೇ ಎಂದು ಕೇಳಿದ್ದೆ. ಹೊಲಿಸಿದ್ದೇ ಸರಿ ಅಂತ ತೀರ್ಮಾನವಾಯಿತು: ಸನ್‌ಬ್ರೆಲ್ಲಾ (ಬಿಸಿಲು-ಮಳೆ ತಾಳುವ, ಆವಿ ಹೊರಬಿಡುವ) ಬಟ್ಟೆ, ತಿಳಿ ಬೂದು ಬಣ್ಣ, ಕಿಟಕಿಗೆ ತಾಗುವ ಕಡೆ ಮೆತ್ತನೆಯ ಅಸ್ತರು. ಟಾರ್ಪಾಲು ಮಳೆ ತಡೆದರೂ ಒಳಗಿನ ಆವಿಯನ್ನು ಹೊರಗೆ ಬಿಡುವುದಿಲ್ಲ. ಹಿಂಗಾರಿನಲ್ಲಿ ಸೀಟೆಲ್ಲ ಬೂಷ್ಟು.

ಆರ್ಡರ್ ಕೊಡುವಾಗ ಮಾಡೆಲ್ ವರ್ಷ ಮತ್ತು ಮೇಲಿನ ಆಂಟೆನಾಗಳ ಜಾಗ ತಿಳಿಸಲೇಬೇಕು. ಹಿಂಬದಿ ಕಿಟಕಿ ಬಂದದ್ದು 1963ರ ಮಾಡೆಲ್‌ನಿಂದ, ಹಾಗಾಗಿ ಅದಕ್ಕೂ ಹಳೆಯ ಮಾಡೆಲ್‌ನ ಕವರ್ ಆಮೇಲಿನವಕ್ಕೆ ಕೂರದು.

ಹೊಟ್ಟೆಯಡಿಯ ಪಟ್ಟಿಗಳು ಬಿಗಿಯಾಗಿರಬೇಕು. ಸಡಿಲವಿದ್ದರೆ ಬಟ್ಟೆ ಗಾಳಿಗೆ ಬಡಿದು, ನಡುವೆ ಸಿಕ್ಕ ದೂಳು ಕಿಟಕಿಯನ್ನು ಗೀರುತ್ತದೆ. ಅದು ಗಾಜಲ್ಲ, ಅಕ್ರಿಲಿಕ್. ಮುಚ್ಚುವ ಮೊದಲು ಧಾರಾಳ ನೀರು ಸುರಿದು ಬರಿಗೈಯಿಂದ ದೂಳು ಬಿಡಿಸಿ, ಆಮೇಲೆ ಮೆತ್ತನೆ ಬಟ್ಟೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಪೆಟ್ರೋಲ್ ಎರಡೂ ಬೇಡ. ಕೂದಲೆಳೆ ಬಿರುಕು ಏಳುತ್ತದೆ. ಬಕಲ್‌ಗೂ ಪೇಂಟಿಗೂ ನಡುವೆ ಬಟ್ಟೆಯ ತುಂಡು ಇರಲಿ. ಒದ್ದೆ ಕವರ್ ಮಡಚಿಡಬಾರದು.

ಪಿಟೋ ಟ್ಯೂಬ್ (ವಿಮಾನದ ವೇಗ ಅಳೆಯಲು ಗಾಳಿ ಒಳಗೆ ಬರುವ ಕೊಳವೆ) ರೆಕ್ಕೆಯಲ್ಲಿರುವುದರಿಂದ ಈ ಕವರ್ ಅದನ್ನು ಮುಚ್ಚುವುದಿಲ್ಲ. ಕೆಂಪು ಪಟ್ಟಿಯ ಬೇರೆ ಚೀಲ ತರಿಸಿ, ಇಲ್ಲವಾದರೆ ಕೊಳವೆಯೊಳಗೆ ಕಣಜ ಮಣ್ಣುಗೂಡು ಕಟ್ಟುತ್ತದೆ.