ಪದ ಬೇಕು, ಇವತ್ತೇ: ಜನರೇಟರ್‌ನ ‘ಸ್ಟಾರ್ಟಿಂಗ್ ವ್ಯಾಟ್’ಗೆ ಕನ್ನಡದಲ್ಲಿ ಏನು?

ಭೋಸರಿ, ಪುಣೆಯಿಂದ:

ಎಲ್ಲರಿಗೂ ನಮಸ್ಕಾರ. ಭೋಸರಿಯಲ್ಲಿ ನಮ್ಮದು ಬಾಡಿಗೆ ಅಂಗಡಿ. ಗ್ರೈಂಡರ್, ಮಾರ್ಬಲ್ ಕಟರ್, ಡ್ರಿಲ್, ಕಂಪ್ರೆಸರ್, ಜತೆಗೆ ಪೆಟ್ರೋಲ್ ಜನರೇಟರ್ ದಿನದ ಲೆಕ್ಕದಲ್ಲಿ ಕೊಡುತ್ತೇವೆ. ಒಯ್ಯುವವರಲ್ಲಿ ಬಹಳ ಜನ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಕನ್ನಡ ಚೆನ್ನಾಗಿ ಓದುತ್ತಾರೆ. ನಮ್ಮ ಬೋರ್ಡು ಮಾತ್ರ ಇಂಗ್ಲಿಷು, ಮರಾಠಿ.

ಹೋದ ವಾರ ಒಬ್ಬರು 2.5 ಕಿಲೋವ್ಯಾಟ್‌ನ ಜನರೇಟರ್ ಒಯ್ದು ಅದಕ್ಕೆ ಒಂದು ಎಚ್‌ಪಿ ಕಂಪ್ರೆಸರ್ ಹಚ್ಚಿದರು. ಗುಂಯ್ ಎಂದಿತು, ಏಳಲಿಲ್ಲ, ಟ್ರಿಪ್ ಆಯಿತು. ‘ಒಂದು ಎಚ್‌ಪಿ ಅಂದರೆ 746 ವ್ಯಾಟ್, ನಿಮ್ಮ ಮಿಷನ್ನೇ ಸುಳ್ಳು’ ಎಂದು ವಾಪಸ್ ತಂದು ಜಗಳ. ಅವರ ಲೆಕ್ಕ ಓಡುತ್ತಿರುವ ಮೋಟಾರಿನದು. ಅದಕ್ಕೂ ಒಂದು ಕಿಲೋವ್ಯಾಟ್ ಆಸುಪಾಸು ಬೇಕು. ನಿಂತ ಮೋಟಾರು ಏಳುವ ಹೊತ್ತಿಗೆ ಅದರ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಕೇಳುತ್ತದೆ.

ಹಾಗಾಗಿ ಕನ್ನಡದಲ್ಲೂ ಒಂದು ಬೋರ್ಡು ಹಾಕಿಸುತ್ತಿದ್ದೇನೆ. ‘ಸ್ಟಾರ್ಟಿಂಗ್ ವ್ಯಾಟ್’, ‘ರನ್ನಿಂಗ್ ವ್ಯಾಟ್’, ‘ಪೋರ್ಟೆಬಲ್’ ಈ ಮೂರಕ್ಕೆ ಪದ ಬೇಕು. ಸಂಜೆ ಆರಕ್ಕೆ ಪ್ರಿಂಟ್‌ಗೆ ಹೋಗಬೇಕು.

ಡೊಂಬಿವಲಿಯಿಂದ:

ಪಠ್ಯಪುಸ್ತಕದಲ್ಲಿ ಎಲ್ಲ ಇದೆ. ಜನರೇಟರ್ ಎಂದರೆ ವಿದ್ಯುಜ್ಜನಕ. ವ್ಯಾಟ್ ಅಳೆಯುವುದು ಸಾಮರ್ಥ್ಯವನ್ನು. ಆದ್ದರಿಂದ ‘ಆರಂಭಿಕ ಸಾಮರ್ಥ್ಯ’, ‘ನಿರಂತರ ಸಾಮರ್ಥ್ಯ’. ಪೋರ್ಟೆಬಲ್‌ಗೆ ‘ಒಯ್ಯಬಲ್ಲ’. ದಯವಿಟ್ಟು ‘ಶಕ್ತಿ’ ಎಂದು ಬರೆಯಬೇಡಿ. ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ವಾಸ್ಕೋ, ಗೋವಾದಿಂದ:

ಇದೆ ಮೇಷ್ಟ್ರೇ. ಎಚ್‌ಪಿಗೆ ಅದೇ ಪಠ್ಯಪುಸ್ತಕ ‘ಅಶ್ವಶಕ್ತಿ’ ಅನ್ನುತ್ತದೆ. ಅದೂ ಅಳೆಯುವುದು ಸಾಮರ್ಥ್ಯವನ್ನೇ ಅಲ್ವಾ? ಕುದುರೆಗೆ ಒಂದು ನ್ಯಾಯ, ಜನರೇಟರ್‌ಗೆ ಒಂದು ನ್ಯಾಯ. ಇನ್ನು ‘ವಿದ್ಯುಜ್ಜನಕ’ ಎಂಬ ಮಾತನ್ನು ಹತ್ತನೇ ತರಗತಿ ಪರೀಕ್ಷೆ ಬರೆದ ಮೇಲೆ ನಾನು ಒಮ್ಮೆಯೂ ಕೇಳಿಲ್ಲ. ‘ಒಯ್ಯಬಲ್ಲ’ ಅಂದರೆ ಮಿಷನ್ನೇ ಏನನ್ನೋ ಹೊತ್ತುಕೊಂಡು ಹೋಗುತ್ತದೆ ಅಂತ ಅರ್ಥ ಬರುತ್ತದೆ.

ಚೆಂಬೂರಿನಿಂದ:

ಸಂಸ್ಕೃತದ ಹೊರೆ ಇಳಿಸಿದರೆ ದಾರಿ ತಾನಾಗಿ ಕಾಣುತ್ತದೆ. ನಮ್ಮಲ್ಲಿ ‘ಕಸುವು’ ಎಂಬ ಚೆಂದದ ಮಾತಿದೆ. ‘ತೊಡಗುಗಸುವು’, ‘ಓಡುಗಸುವು’. ಜನರೇಟರ್‌ಗೆ ‘ಮಿಂಚುಟ್ಟುಕ’. ಕಸುವು ಇದ್ದವನೇ ಕಸುಬು ಮಾಡಬಲ್ಲ. ಎರಡೂ ಒಂದೇ ಬೇರಿನವು. ಕೈಕಸುಬಿನವರಿಗೆ ಇದಕ್ಕಿಂತ ಹತ್ತಿರದ ಪದ ಇಲ್ಲ.

ಡೊಂಬಿವಲಿಯಿಂದ:

ಕಸುಬು ಅರಬ್ಬಿಯ ‘ಕಸ್ಬ್’. ಸಂಪಾದನೆ ಎಂದು ಅರ್ಥ. ಕಸುವಿಗೂ ಅದಕ್ಕೂ ನಂಟಿಲ್ಲ, ಕಿವಿಗೆ ಹಾಗೆ ಕೇಳುತ್ತದೆ ಅಷ್ಟೇ. ‘ಮಿಂಚುಟ್ಟುಕ’ ಎಂದು ಬರೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಚೆಂಬೂರಿನಿಂದ:

‘ವಿದ್ಯುಜ್ಜನಕ’ ಓದಿ ನಿಲ್ಲುತ್ತಾನೋ?

ಅಂಧೇರಿಯಿಂದ:

ನನ್ನದೊಂದು ಮಾತು. ಇಲ್ಲಿನ ಮರಾಠಿಯಲ್ಲಿ ಜನರೇಟರ್‌ಗೆ ‘ಜನಿತ್ರ’, ಟ್ರಾನ್ಸ್‌ಫಾರ್ಮರ್‌ಗೆ ‘ರೋಹಿತ್ರ’ ಎಂದು ಬರೆಯುತ್ತಾರೆ. ಗಿಡ್ಡ ಪದ, ನಾವೂ ತೆಗೆದುಕೊಳ್ಳಬಹುದು. ಇನ್ನೊಂದು ತಮಾಷೆ ನೋಡಿ. ಜನರೇಟರ್ ಎಂಬ ಮಾತಿನ ಲ್ಯಾಟಿನ್ ಬೇರೂ ಸಂಸ್ಕೃತದ ‘ಜನ್’ ಧಾತುವೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಲ್ಯಾಟಿನ್‌ನಲ್ಲಿ ತಂದೆಗೆ ‘ಗೆನಿತೊರ್’, ಸಂಸ್ಕೃತದಲ್ಲಿ ‘ಜನಿತೃ’. ಅಂದರೆ ಜನರೇಟರ್ ತೆಗೆದು ಜನಕ ಹಾಕುವುದು ಅಣ್ಣನನ್ನು ಎಬ್ಬಿಸಿ ತಮ್ಮನನ್ನು ಕೂರಿಸಿದ ಹಾಗೆ. ಸುಮ್ನೆ ಜನರೇಟರ್ ಎಂದೇ ಬರೆಯಿರಿ.

ಚೆಂಬೂರಿನಿಂದ:

ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ಕನ್ನಡ ಈ ಗತಿಗೆ ಬಂದಿದ್ದು. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತೆಗೆದವರು ನಾವು. ಅದಕ್ಕೊಂದು ಸ್ವಂತ ಹೆಸರು ಇಡಲು ಇವತ್ತಿಗೂ ಆಗಿಲ್ಲ.

ವಾಸ್ಕೋದಿಂದ:

ನೀವೇ ಈಗ ‘ಕರೆಂಟು’ ಅಂದಿರಿ ಸರ್.

ಕಡ ತರುವುದರಲ್ಲಿ ನಾಚಿಕೆ ಏನಿದೆ? ಜನರೇಟರ್‌ನ ‘ಚಾವಿ’ ಪೋರ್ಚುಗೀಸರದು. ಅದನ್ನು ತಿರುಗಿಸುವ ಹುಡುಗನಿಗೆ ಕೊಡುವ ‘ಪಗಾರ’ವೂ ಅವರದೇ. ಇವೆರಡೂ ಇಲ್ಲದೆ ಧಾರವಾಡದಲ್ಲಿ ಒಂದು ದಿನ ಕಳೆದು ತೋರಿಸಿ. ಮರಾಠಿಯವರು ನಮ್ಮ ಅಡಕತ್ತರಿಯನ್ನು ‘ಅಡಕಿತ್ತಾ’ ಮಾಡಿಕೊಂಡು ಆರಾಮಾಗಿ ಅಡಿಕೆ ಕತ್ತರಿಸುತ್ತಿದ್ದಾರೆ. ಯಾರ ಭಾಷೆಯೂ ಸಾಯಲಿಲ್ಲ.

ಭೋಸರಿಯಿಂದ:

ದೊಡ್ಡವರು ಸಿಟ್ಟು ಮಾಡಿಕೊಳ್ಳಬೇಡಿ. ಗಂಟೆ ನಾಲ್ಕಾಯಿತು, ಪ್ರಿಂಟಿಂಗ್‌ನವರು ಎರಡು ಸಲ ಫೋನ್ ಮಾಡಿದರು. ‘ಜನರೇಟರ್’ ಇಟ್ಟುಕೊಂಡೆ. ಪೋರ್ಟೆಬಲ್ ಬಿಟ್ಟೆ. ನಮ್ಮ ಮಿಷನ್ ನಲವತ್ತು ಕಿಲೋ ಮೇಲಿದೆ, ‘ಇಬ್ಬರು ಎತ್ತಬೇಕು’ ಎಂದು ಬರೆದರೆ ಉಪಯೋಗ ಜಾಸ್ತಿ.

ಉಳಿದ ಎರಡಕ್ಕೆ ಪದ ಸಿಗದೆ, ಕಟರ್ ಒಯ್ಯಲು ಬಂದಿದ್ದ ಜೇವರ್ಗಿಯ ಮೇಸ್ತ್ರಿಯನ್ನೇ ಕೇಳಿದೆ. ಅವರು ಯೋಚನೆಯನ್ನೂ ಮಾಡಲಿಲ್ಲ. ‘ಚಾಲೂ ಆಗೂ ಮುಂದ ಭಾಳ ಜಗ್ಗತದರೀ, ಆಮ್ಯಾಲ ಕಮ್ಮಿ ಜಗ್ಗತದ’ ಅಂದರು. ‘ಚಾಲೂ ಆಗುವಾಗ ಜಗ್ಗುವ ವ್ಯಾಟ್’, ‘ನಡೆಯುವಾಗ ಜಗ್ಗುವ ವ್ಯಾಟ್’. ಇದು ನಡೆಯುತ್ತದಾ?

ಡೊಂಬಿವಲಿಯಿಂದ:

ನಡೆಯುವುದಿಲ್ಲ. ‘ಚಾಲೂ’ ಕನ್ನಡವಲ್ಲ. ‘ಜಗ್ಗು’ ಎಂದರೆ ಬಾಗು, ಮಣಿ. ‘ಬೆದರಿಕೆಗೆ ಜಗ್ಗಲಿಲ್ಲ’ ಎಂದು ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ವ್ಯಾಟ್ ಯಾಕೆ ಬಾಗುತ್ತದೆ?

ಚೆಂಬೂರಿನಿಂದ:

ಜಗ್ಗು ಅಚ್ಚಗನ್ನಡ! ಮೊದಲು ನನಗೇ ಹೊಳೆಯಬೇಕಿತ್ತು. ‘ಮೊದಲಜಗ್ಗು’ ಅನ್ನೋಣವೇ?

ನಿಗಡಿ, ಪುಣೆಯಿಂದ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಎಲೆಕ್ಟ್ರಿಶಿಯನ್, ಊರು ಇಂಡಿ. ನಮ್ಮ ಕಡೆ ಜಗ್ಗು ಅಂದರೆ ಎಳೆ. ಹಗ್ಗ ಜಗ್ಗುತ್ತೇವೆ, ಬಾವಿಯಿಂದ ಕೊಡ ಜಗ್ಗುತ್ತೇವೆ. ಮೈಸೂರು ಕಡೆ ಅದೇ ಮಾತು ಬಾಗುವುದಕ್ಕೆ, ಕುಸಿಯುವುದಕ್ಕೆ. ಜನರೇಟರ್ ಮುಂದೆ ನಿಂತು ನೋಡಿದರೆ ಮೇಷ್ಟ್ರ ಅರ್ಥವೂ ಸರಿ, ಮೇಸ್ತ್ರಿಯ ಅರ್ಥವೂ ಸರಿ. ಸಣ್ಣ ಜನರೇಟರ್‌ಗೆ ಒಂದು ಬಲ್ಬು ಹಚ್ಚಿಟ್ಟು ಕಂಪ್ರೆಸರ್ ಚಾಲೂ ಮಾಡಿ. ಮೋಟಾರು ಕರೆಂಟು ಜಗ್ಗುತ್ತದೆ. ಅದೇ ಕ್ಷಣಕ್ಕೆ ವೋಲ್ಟೇಜು ಜಗ್ಗುತ್ತದೆ, ಬಲ್ಬು ಮಂಕಾಗುತ್ತದೆ. ಎಳೆಯುವವನೂ ಜಗ್ಗಿದ, ಎಳೆಸಿಕೊಂಡವನೂ ಜಗ್ಗಿದ. ಇಷ್ಟನ್ನು ಒಂದೇ ಮಾತಿನಲ್ಲಿ ಹೇಳುವ ಇನ್ನೊಂದು ಪದ ನನಗಂತೂ ಗೊತ್ತಿಲ್ಲ.

ಭೋಸರಿಯ ಅಣ್ಣಾವ್ರೆ, ಪದಕ್ಕಿಂತ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ. ಕಾರ್ಬನ್ ಬ್ರಷ್ ಇರುವ ಗ್ರೈಂಡರ್, ಕಟರ್, ಡ್ರಿಲ್ ಏಳುವಾಗ ಅಷ್ಟು ಕಾಡುವುದಿಲ್ಲ. ಮಾರ್ಬಲ್ ಕಟರ್ 1300, ನಾಲ್ಕು ಇಂಚಿನ ಗ್ರೈಂಡರ್ 850, ಕೂಡಿಸಿದರೆ 2150. ನಿಮ್ಮ ಮಿಷನ್ ಎಳೆಯುತ್ತದೆ. ಕಾಡುವುದು ಕಂಪ್ರೆಸರ್, ನೀರಿನ ಪಂಪು. ಎಲ್ಲದರ ನಡೆಯುವ ವ್ಯಾಟ್ ಕೂಡಿಸಿ, ಅದರ ಮೇಲೆ ಚಾಲೂ ಆಗುವಾಗ ಅತಿ ಹೆಚ್ಚು ಕೇಳುವ ಒಂದೇ ಒಂದು ಮಿಷನ್ನಿನ ಹೆಚ್ಚುವರಿ ಸೇರಿಸಬೇಕು. ಅದನ್ನೇ ಮೊದಲು ಚಾಲೂ ಮಾಡಬೇಕು. ಇನ್ನೊಂದು, ಜನರೇಟರ್ ಡಬ್ಬಿಯ ಮೇಲೆ ಎದ್ದು ಕಾಣುವ ಅಂಕಿ ಎಷ್ಟೋ ಸಲ ಗರಿಷ್ಠದ್ದು. ಅದು ಸ್ವಲ್ಪ ಹೊತ್ತಿಗೆ ಮಾತ್ರ. ದಿನವಿಡೀ ಕೊಡುವುದು ಪಕ್ಕದಲ್ಲಿ ಸಣ್ಣದಾಗಿ ಬರೆದ ಕಡಿಮೆ ಅಂಕಿ. ಲೆಕ್ಕ ಅದರ ಮೇಲೆ ಮಾಡಬೇಕು.

ಹೊಗೆಯ ವಿಷಯವೂ ಇರಲಿ. ಕೋಣೆಯೊಳಗೆ, ಬೇಸ್‌ಮೆಂಟಿನಲ್ಲಿ ಇಟ್ಟು ಓಡಿಸಿದರೆ ವಾಸನೆ ಇಲ್ಲದ ವಿಷಗಾಳಿ ತುಂಬಿ ಜೀವ ಹೋಗುತ್ತದೆ. ಇಲ್ಲಿ ಪದ ಹುಡುಕಬೇಡಿ, ‘ಒಳಗೆ ಇಡಬೇಡಿ, ಸಾಯುತ್ತೀರಿ’ ಎಂದೇ ಬರೆಸಿ.

ಭೋಸರಿಯಿಂದ:

ಬಹಳ ಉಪಕಾರವಾಯಿತು. ಬೋರ್ಡು ಹೀಗಾಯಿತು:

ಜನರೇಟರ್ ಒಯ್ಯುವ ಮುಂಚೆ ಓದಿ.
ನಡೆಯುವಾಗ ಜಗ್ಗುವ ವ್ಯಾಟ್: ಎಲ್ಲ ಮಿಷನ್‌ದು ಕೂಡಿಸಿ.
ಚಾಲೂ ಆಗುವಾಗ ಜಗ್ಗುವ ವ್ಯಾಟ್: ಪಂಪು, ಕಂಪ್ರೆಸರ್ ಇದ್ದರೆ ಮೂರು ಪಟ್ಟು ಹಿಡಿಯಿರಿ. ಅದನ್ನೇ ಮೊದಲು ಚಾಲೂ ಮಾಡಿ.
ಇಬ್ಬರು ಎತ್ತಬೇಕು.
ಕೋಣೆಯೊಳಗೆ ಇಡಬೇಡಿ, ಸಾಯುತ್ತೀರಿ.

ಡೊಂಬಿವಲಿಯಿಂದ:

‘ಮಿಷನ್‌ದು’ ಅಲ್ಲ, ‘ಮಿಷನ್ನಿನದು’.

ಚೆಂಬೂರಿನಿಂದ:

‘ಚಾಲೂ ಆಗುವಾಗ’ ತೆಗೆದು ‘ತೊಡಗುವಾಗ’ ಹಾಕಿದರೆ ಬೋರ್ಡು ಇನ್ನೂ ಕಳೆಗಟ್ಟುತ್ತದೆ.

ಭೋಸರಿಯಿಂದ:

ಪ್ರಿಂಟ್‌ಗೆ ಹೋಯಿತು ಸರ್.